ಕೊನೆಯ ಮೊಳ

ಆಣೆಕಟ್ಟಿನ ಹಿನ್ನೀರು ಏರಿ, ಬೀಳಗಿ ಸೀಮೆಯ ಊರುಗಳು ಎದ್ದು ಹೊಸ ಪ್ಲಾಟುಗಳಿಗೆ ಬಂದ ವರ್ಷಗಳವು. ಎಲ್ಲಿ ನೋಡಿದರೂ ಅರ್ಧ ಎದ್ದ ಗೋಡೆ, ಉಸುಕಿನ ಗುಪ್ಪೆ. ಆ ಮನೆಗಳಿಗೆ ನೆಲ ಹಾಕಿದವನು ಗಂಗಾರಾಮ ಗೌಂಡಿ ಎಂದು ಮಂದಿ ಹೇಳುತ್ತಿದ್ದರು. ಹಾಕಿದವಳು ತಾರವ್ವ.

ತಾರವ್ವ ಅವನ ಸತ್ತ ತಮ್ಮನ ಹೆಂಡತಿ. ಹದಿನಾರು ವರ್ಷ ಅವನಿಗೆ ಮಾಲು ಕಲಸಿದವಳು. ಒಂದು ಬುಟ್ಟಿ ಸಿಮೆಂಟಿಗೆ ನಾಲ್ಕು ಬುಟ್ಟಿ ಉಸುಕು. ಒಣಗಿರುವಾಗಲೇ ಮೂರು ಸಲ ಮಗುಚಿ, ಆಮೇಲೆ ನೀರು ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರಿಳಿಯಬಾರದು. ಸಿಮೆಂಟು ಅವಳ ಅಂಗಾಲು ತಿಂದು ಕಡಲೆಕಾಳಿನಷ್ಟು ತೂತು ಮಾಡಿತ್ತು. ಸಂಜೆ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಆ ತೂತುಗಳಿಗೆ ತುಂಬುತ್ತಿದ್ದಳು. ಇಲ್ಲದಿದ್ದರೆ ಮರುದಿನ ಕಾಲು ಊರಲಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸುಣ್ಣ ಸಿಡಿದು ಗಂಗಾರಾಮನ ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಉಳಿದದ್ದು ಬೆಳಕು, ನೆರಳು ಅಷ್ಟೇ; ಅದು ತಾರವ್ವನಿಗೆ ಮಾತ್ರ ಗೊತ್ತಿತ್ತು. ಅಂದಿನಿಂದ ನೆಲ ಸವರುವ ಕರಣಿ ಹಿಡಿದವಳು ಅವಳು. ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟುತ್ತಿದ್ದರು. "ಬಿಸಲ ಬಿದ್ರ ನೆಲಾ ಸೀಳತೈತಿ, ಮಂದಿ ಬಂದ್ರ ಧೂಳ ಬೀಳತೈತಿ," ಎಂದು ಗಂಗಾರಾಮ ಎಲ್ಲರನ್ನೂ ದೂರ ಇಡುತ್ತಿದ್ದ. ನೆಲ ಹಾಕುವವರು ಒಳಗೋಡೆಯಿಂದ ಹಿಂದಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರುತ್ತಾರೆ. ಕಡೆಗೆ ಹೊಸಿಲು ದಾಟಿದವರದೇ ಆ ನೆಲ ಎಂದು ಮಂದಿಯ ಲೆಕ್ಕ. ಒಂದು ಮೊಳ ಉಳಿದಾಗ ಅವನು ಕರಣಿ ಕಸಿದುಕೊಂಡು ಅವಳನ್ನು ಹೊರಗೆ ಕಳಿಸುತ್ತಿದ್ದ. ಬಾಗಿಲ ಬೆಳಕನ್ನು ಬೆನ್ನಿಗಿಟ್ಟುಕೊಂಡು ಆ ಮೊಳ ಮುಗಿಸಿ ಎಲ್ಲರೆದುರು ಹೊರಬರುತ್ತಿದ್ದ.

ತಾರವ್ವನಿಗೆ ಬೇಕಿದ್ದುದು ಒಂದು ಮಾತು. ಅವನ ಬಾಯಿಂದ ಅದು ಬಂದರೆ ಮುಂದಿನ ಮನೆಯವರು ಅವಳನ್ನೇ ಕರೆದಾರು. ಅಂಗೈಯಲ್ಲಿ ಬೀರಪ್ಪನ ಭಂಡಾರ ಹಿಡಿದು ಅವನು ಆಣೆ ಮಾಡಿದ್ದ: "ರುಕ್ಮವ್ವಾರ ಮನ್ಯಾಗ ಹೇಳತೇನಿ. ನೆಲಾ ಹಾಕಾಕಿ ನೀನs ಅಂತ ಹೇಳತೇನಿ."

ರುಕ್ಮವ್ವನ ಮಗ ಮುಧೋಳದಲ್ಲಿ ನೌಕರಿಯವನು. ಮನೆ ಕಟ್ಟಿಸುವ ಯಜಮಾನಿಕೆ ಅವಳದೇ. ನಡುಮನೆ ಮುಗಿದಿತ್ತು. ದೇವರ ಕೋಣೆ ಉಳಿದಿತ್ತು.

"ಗೌಂಡ್ಯಾ, ದೇವರ ಖೋಲಿ ಇದು," ಎಂದಳು ರುಕ್ಮವ್ವ. "ನೆಲಕ್ಕ ಈ ಮುಂಡಿ ಕೈ ಹತ್ತಬಾರದು ನೋಡು."

ತಾರವ್ವ ಭಾವನ ಮುಖ ನೋಡಿದಳು. ಮಾತು ಬರುವುದಿದ್ದರೆ ಈಗ ಬರಬೇಕು.

ಗಂಗಾರಾಮ ನಕ್ಕ. "ಅಕಿ ಏನ ಮಾಡತಾಳ್ರಿ ಅವ್ವಾರ? ಬರೇ ಮಾಲ ಕಲಸಾಕಿ."

ತಾರವ್ವ ಮಾಲು ಕಲಸಿದಳು. ಎಂದಿಗಿಂತ ಚೆನ್ನಾಗಿಯೇ ಕಲಸಿದಳು. ಹೊತ್ತು ತಂದು ಕೋಣೆಯ ನಡುವೆ ಸುರಿದಳು.

"ಹೋಗ ಹೊರಗ," ಎಂದ ಅವನು.

ಹೋದಳು. ಅವನು ಸುತ್ತು ಬಳಸಿ ಗುಪ್ಪೆಯನ್ನು ಹರವತೊಡಗಿದ. ಅವಳು ಹೊಸ ಬಾಗಿಲಿನ ತಿರುಗಣಿಗೆ ಕಾಲಿನ ಎಣ್ಣೆ ಎರಡು ಹನಿ ಬಿಟ್ಟು, ಸದ್ದಿಲ್ಲದೆ ಮುಚ್ಚಿದಳು. ಹೊರಗಿನಿಂದ ಹೋಗಿ ಬಾಗಿಲೆದುರಿನ ಕಿಟಕಿಯ ಗೋಣಿತಟ್ಟು ಬಿಚ್ಚಿದಳು. ಮುಂಜಾನೆಯ ಬಿಸಿಲು ಒಳಗೆ ಬಿತ್ತು. ಅವನು ತಲೆಯೆತ್ತಿ ಬೆಳಕು ಹುಡುಕಿ, ಅದೇ ಬಾಗಿಲೆಂದು ಅದಕ್ಕೆ ಬೆನ್ನು ಮಾಡಿ ಕುಂತ.

ಬಾಗಿಲ ಬದಿಯಿಂದ ಕಿಟಕಿಯತ್ತ ಒಂದೊಂದೇ ಗೇಣು ಹಿಂದೆ ಸರಿದ. ಅವಳು ಸರಳಿನಾಚೆ ನಿಂತು ನೋಡಿದಳು. ಅವನನ್ನು ತಡೆಯಲು ಒಂದು ಮಾತು ಸಾಕಿತ್ತು. ಆಡಲಿಲ್ಲ. ಕೊನೆಯ ಮೊಳಕ್ಕೆ ಬಂದು ಹೊಸಿಲಿಗೆಂದು ಹಿಂದಕ್ಕೆ ಕೈ ಚಾಚಿದ. ಗೋಡೆ ಸಿಕ್ಕಿತು. ಮೇಲೆ ತಡವಿದ. ಸರಳು.

"ತಾರೀ!"

ಕೂಗಿಗೆ ರುಕ್ಮವ್ವ ಬಂದು ಬಾಗಿಲು ದೂಡಿದಳು. ಗೌಂಡಿ ಕಿಟಕಿಗೆ ಬೆನ್ನು ಹಚ್ಚಿ ತುದಿಗಾಲಲ್ಲಿ ನಿಂತಿದ್ದ. ನಡುವೆ ಕೋಣೆ ತುಂಬ ಹಸಿ ನೆಲ.

"ಯವ್ವಾ! ಇವಂಗ ಕಣ್ಣs ಇಲ್ಲೇನ?"

ಸುತ್ತಿ ಬಂದ ತಾರವ್ವನ ಕೈಯಲ್ಲಿ ಹಲಗೆಯಿತ್ತು.

"ಹಲಗಿ ಹಾಕ, ತಾರವ್ವಾ," ಎಂದ ಗಂಗಾರಾಮ.

"ಹಾಕತೇನ್ರಿ ಭಾವಾರ. ನಡುಮನಿ ಯಾರು ಹಾಕಿದ್ರು, ಅಷ್ಟ ಅವ್ವಾರಿಗೆ ಹೇಳ್ರಿ."

ಅವನು ಸರಳು ಹಿಡಿದೇ ನಿಂತ. ಬಿಸಿಲಿಗೆ ಮಾಲು ಬಿಗಿಯತೊಡಗಿತು. ಪಕ್ಕದ ಕೆಲಸದವರೂ ಬಂದು ಇಣುಕಿದರು. "ಗೌಂಡಿ ದೇವರಾಗಿ ನಿಂತಾನೋ, ಕಾಯಿ ಒಡೀರಿ!" ಎಂದೊಬ್ಬ. ಎಲ್ಲರೂ ನಕ್ಕರು.

"ಅಕೀನs ಹಾಕಿದ್ಲ್ರಿ," ಎಂದ ಕಡೆಗೆ.

ರುಕ್ಮವ್ವ ನಡುಮನೆಗೆ ಹೋಗಿ ಹಿಮ್ಮಡಿಯಿಂದ ಗುದ್ದಿ ನೋಡಿ ಬಂದಳು. "ಹೊಸಿಲ ಕಡಿ ಒಂದ ಮೊಳಾ ಏರಿಳಿವು ಐತೆಲ್ಲ, ಅದು?"

"ಅದು ನಂದ್ರಿ."

ಹಲಗೆ ಬಿತ್ತು. ಅವನು ಕೈಕಾಲೂರಿ ತೆವಳಿ ಬಂದ. ರುಕ್ಮವ್ವ ಅವನತ್ತ ನೋಡಲೂ ಇಲ್ಲ. "ಏನಬೇ, ಮೈ ತೊಳಕೊಂಡ ಬಾ," ಎಂದಳು ತಾರವ್ವನಿಗೆ. "ಬಿಗಿಯೂದ್ರಾಗ ಇದನ್ನ ಸರಿ ಮಾಡು." ದೇವರಿಗೆ ಅಡ್ಡಿಯಿದ್ದಂತೆ ಕಾಣಲಿಲ್ಲ.

ಆಮೇಲೆ ಆರು ವರ್ಷ, ಲೋಕಾಪುರದವರೆಗೂ ಜನ ತಾರವ್ವನನ್ನು ಕರೆದರು. ಗಂಗಾರಾಮ ಬೇರೆಲ್ಲಿಗೂ ಹೋಗಲಾರದೆ ಅವಳ ಹಿಂದೆಯೇ ಬಂದ; ಬರಿಗಾಲಲ್ಲಿ ಮಾಲು ಕಲಸಿದ. ಯಾರಾದರೂ "ಯಾರಬೇ ಇಂವಾ?" ಎಂದರೆ, ಅವನಿಗೆ ಕೇಳುವಂತೆ ಹೇಳುತ್ತಿದ್ದಳು: "ಬರೇ ಮಾಲ ಕಲಸಾಂವರಿ."

ಸಂಜೆ ಅವನು ಗೋಡೆಗೊರಗಿ ಕುಂತು ಅಂಗಾಲಿನ ತೂತುಗಳನ್ನು ಬೆರಳಿನಿಂದ ತಡವಿ ತಡವಿ ಎಣಿಸುತ್ತಿದ್ದ. ಎಣ್ಣೆಯ ಬಾಟಲಿ ಅವಳ ಚೀಲದಲ್ಲೇ ಇರುತ್ತಿತ್ತು.