ಮಾಮ ನೀರು ಕೊಟ್ಟ ಲೋಳೆಮೀನು

ನಾನು ಅರ್ಧಕ್ಕೆ ಶಾಲೆ ಬಿಟ್ಟು ಗೋವಾ ಬಂದರಿನಲ್ಲಿ ಬಲೆ ಎಳೆಯುವ ಕೆಲಸಕ್ಕೆ ಸೇರಿದವನು. ದುಡಿದು ತಿಂದಿದ್ದೇನೆ, ಸುಳ್ಳು ಹೇಳಿ ತಿಂದಿಲ್ಲ. ಅದಕ್ಕೇ ನಮ್ಮೂರು ಹೂವಿನ ಹಿಪ್ಪರಗಿಯ ಅಗಸಿ ಕಟ್ಟೆಯ ಮೇಲೆ, ಮಂದಿಯ ನಡುವೆ, ನನ್ನ ಅಕ್ಕನ ಗಂಡ, ಮಾಮ, ನನ್ನನ್ನು ಸುಳ್ಳ ಎಂದದ್ದು ಎದೆಯಲ್ಲಿ ಉರಿಯಿತು.

ನಾನು ಹೇಳಿದ್ದು ಚಂದ್ರ ಲೋಳೆಮೀನಿನ, ಅಂದರೆ ಒಂದು ಬಗೆಯ ಜೆಲ್ಲಿಫಿಶ್ಶಿನ ಸುದ್ದಿ. ಗಾಜಿನಂಥ ತೆಳು ಮೈ, ಒಳಗೆ ಕುದುರೆ ಲಾಳದಂಥ ನಾಲ್ಕು ಗುರುತು. ಎಲುಬಿಲ್ಲ, ಮಿದುಳಿಲ್ಲ, ಹೃದಯವಿಲ್ಲ. ಛತ್ರಿ ಮುಚ್ಚಿದ ಹಾಗೆ ಮುದುಡಿ ನೀರನ್ನು ಹಿಂದಕ್ಕೆ ದೂಡುತ್ತದೆ, ತಾನು ಮುಂದಕ್ಕೆ ಸರಿಯುತ್ತದೆ, ಮತ್ತೆ ಅರಳುತ್ತದೆ. ಸೆಳವು ಜೋರಾದರೆ ಅದು ಒಯ್ದತ್ತ ಹೋಗುತ್ತದೆ. ತೇಲುವ ಸಣ್ಣ ಹುಳಗಳು ಮೈಯ ಲೋಳೆಗೆ ಅಂಟುತ್ತವೆ, ಅದೇ ಊಟ. ಮರಿಗಳು ಬಂಡೆಗೆ ಕಚ್ಚಿಕೊಂಡು ಬೆಳೆದು, ಪೇರಿಸಿಟ್ಟ ತಟ್ಟೆಗಳಂತಾಗಿ, ಒಂದೊಂದೇ ಕಳಚಿ ಈಜಿ ಹೋಗುವುದನ್ನು ಫೋನಿನಲ್ಲಿ ನೋಡಿದ್ದೆ.

“ಹೃದಯ ಇಲ್ದ ಬದುಕ್ತೈತಿ? ಅಳಿಯಾ, ಗೋವಾದಾಗ ಏನ್ ಕುಡದ್ ಬಂದೀಯೋ?” ಎಂದ ಮಾಮ. ಕಟ್ಟೆಯೆಲ್ಲ ನಕ್ಕಿತು.

ಮುಂದಿನ ಸಲ ಗಾಜಿನ ಬರಣಿಯಲ್ಲಿ ಸಮುದ್ರದ ನೀರು ತುಂಬಿ, ಸಣ್ಣದೊಂದನ್ನು ಬಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕಟ್ಟೆಗೆ ತಂದಾಗಲೂ ಅದು ಮುದುಡಿ ಅರಳುತ್ತಿತ್ತು. ಮಂದಿ ಬಾಗಿ ನೋಡಿದರು. ಮಾಮನ ಮುಖ ಸಣ್ಣದಾಯಿತು.

ನಮ್ಮಲ್ಲಿ ಮನೆಗೆ ಯಾರೇ ಬಂದರೂ ಮೊದಲು ನೀರು. “ದೂರದಿಂದ ಬಂದೈತಿ, ಬೀಗರಿಗೆ ನೀರ್ ಕೊಡಬೇಕಲ್ರಿ,” ಎನ್ನುತ್ತ ಅವನು ಬರಣಿಯ ನೀರು ಚೆಲ್ಲಿ ತಂಬಿಗೆಯ ಸಿಹಿನೀರು ಸುರಿದ. ನಾನು ಕೈ ಹಿಡಿಯುವಷ್ಟರಲ್ಲಿ ಮುಗಿದಿತ್ತು. ಉಪ್ಪುನೀರಿನ ಜೀವ, ತಳಕ್ಕೆ ಕುಸಿಯಿತು.

“ಪ್ಲಾಸ್ಟಿಕ್ ಹಾಳಿ ತಂದಾನ್ ನೋಡ್ರಿ,” ಎಂದ ಮಾಮ. ಮತ್ತೆ ನಗು.

ನಾನು ಸಿಟ್ಟು ತೋರಿಸಲಿಲ್ಲ. ಲೋಳೆಮೀನು ದಂಡೆಗೆ ಬರುವ ಕಾಲ ನೋಡಿ, ಸಮುದ್ರ ತೋರಿಸುತ್ತೇನೆಂದು ಮಾಮನನ್ನೂ ಕಟ್ಟೆಯ ಗೆಳೆಯನೊಬ್ಬನನ್ನೂ ಗೋವಾಕ್ಕೆ ಕರೆದೊಯ್ದೆ. ಮಾಮ ಹುರುಪಿನಿಂದ ಸೊಂಟದವರೆಗೆ ಇಳಿದ. ಅವು ಸುತ್ತಲೂ ಮುದುಡುತ್ತ ಅರಳುತ್ತ ಬಂದವು.

“ಏನೋ ಚುಚ್ಚಿತಲೇ. ವಿಷ ಐತೇನ್?”

ಕಬ್ಬಿನ ರವದಿಯ ಒಣಗರಿ ತಾಗಿದಷ್ಟು ತುರಿಕೆ, ಅಷ್ಟೇ. ನನಗೆ ಗೊತ್ತಿತ್ತು.

“ನೋಡಬೇಕ್ರಿ ಮಾಮಾ. ಸಂಜಿತನಕ ಗೊತ್ತಾಗ್ತೈತಿ.”

ಮಾಮ ಮರಳಿನ ಮೇಲೆ ಎದೆ ಒತ್ತಿಕೊಂಡು ಕೂತ. ಯಾವ ಹೊಲ ಯಾವ ಮಗನಿಗೆ ಎಂದು ಗೆಳೆಯನಿಗೆ ಹೇಳತೊಡಗಿದ. ನಾನು ನಿಧಾನವಾಗಿ ಊಟ ಮಾಡಿದೆ.

ಸಂಜೆ ಚಹಾ ಕುಡಿಸಿ, ಏನೂ ಆಗುವುದಿಲ್ಲ ಎಂದೆ. ಮಾಮ ಎದೆಯ ಮೇಲಿನ ಕೈ ತೆಗೆದ.

“ಊರಾಗ ಹೇಳಬ್ಯಾಡೋ ಅಳಿಯಾ.”

ಅವನು ಎದೆ ಒತ್ತಿಕೊಂಡು ಕೂತಾಗ ನಾನು ತೆಗೆದ ಫೋಟೊ ಮಧ್ಯಾಹ್ನವೇ ಕಟ್ಟೆಯವರ ಫೋನುಗಳಿಗೆ ಹೋಗಿತ್ತು.