ಬಣ್ಣವಿಲ್ಲದ ಗೋಡೆ

ಇಬ್ರಾಹಿಂಪುರದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಆ ಮಧ್ಯಾಹ್ನ ಮೂವರಿದ್ದೆವು: ನಾನು, ದೊಡ್ಡವ್ವ, ಸಾರವಾಡದಿಂದ ಬಂದಿದ್ದ ಪೇಂಟರ್ ಮಲ್ಲಪ್ಪ. ಗೋಡೆಯ ಮೇಲೆ ನಾಲ್ಕು ಬಗೆಯ ಬೂದುಬಣ್ಣದ ಪಟ್ಟಿಗಳು.

"ಮನಿ ಗ್ವಾಡಿಗೆ ಯಾರರ ಬೂದಿ ಬಳೀತಾರೇನೋ?" ಎಂದಳು ದೊಡ್ಡವ್ವ.

"ನಾನೂ ಅದನ್ನ ಹೇಳಾಕತ್ತೇನ್ರಿ, ಯವ್ವಾ. ಇದರ ಮುಂದ ಸರ್ ಅವ್ರೂ ಫೋಟೋದಾಗಿನ ಸತ್ತವರಂಗ ಕಾಣಾಕತ್ತಾರ," ಎಂದ ಮಲ್ಲಪ್ಪ. ನಕ್ಕೆ, ಕನ್ನಡಿ ನೋಡಿಕೊಳ್ಳಲು ಮಾತ್ರ ಧೈರ್ಯವಾಗಲಿಲ್ಲ.

ತೀರಿಹೋದವರ ಕಪ್ಪು-ಬಿಳುಪು ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದು ನನ್ನ ಕಸುಬು. ಮೊದಲು ಈ ಖೋಲಿಯ ಗೋಡೆಗಳು ಅರಿಶಿನದ ಬಣ್ಣದವು. ಕಣ್ಣು ವಿಚಿತ್ರ ಪ್ರಾಣಿ. ಸುತ್ತಲಿನ ಹಳದಿಗೆ ಒಗ್ಗಿಕೊಂಡು, ಪರದೆಯ ಮೇಲಿನ ಹಳದಿ ಸಾಲದೆಂದು ಹಠ ಹಿಡಿಯುತ್ತದೆ. ಹೊನವಾಡದವರೊಬ್ಬರ ಅಜ್ಜನಿಗೆ, ಅವರು ಸತ್ತ ಮೇಲೆ, ಫೋಟೋದಲ್ಲಿ ನಾನು ಹೀಗೆ ಕಾಮಾಲೆ ತರಿಸಿದ್ದೆ.

ಅದಕ್ಕೇ ಯಾವ ಬಣ್ಣದ ಕಡೆಗೂ ವಾಲದ ಬೂದು ಬೇಕಿತ್ತು. ಅಂಗಡಿಯಲ್ಲಿ ಎಲ್ಲ ಬೂದುಗಳೂ ಸಂಭಾವಿತರೇ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದರೆ ಒಂದರೊಳಗಿಂದ ನೀಲಿ ಇಣುಕುತ್ತದೆ, ಇನ್ನೊಂದರೊಳಗಿಂದ ನೇರಳೆ. ಏನೂ ಇಣುಕದ ನಾಲ್ಕನೆಯದನ್ನು ಆರಿಸಿದೆ. ಖೋಲಿಗೆಲ್ಲ ಬಳಿದು ಒಣಗಿದ ಮೇಲೆ, ಗೋಡೆಗಳು ಎಷ್ಟು ದೂರದಲ್ಲಿವೆ ಎಂಬುದೇ ತಿಳಿಯದಂತಾಯಿತು.

ಅಲ್ಲಿ ಮೊದಲ ಕೆಲಸ ದೊಡ್ಡವ್ವನದೇ. ಹಸುಗೂಸನ್ನು ಬಿಟ್ಟು ತೀರಿಕೊಂಡ ಅವಳ ಅಕ್ಕ ಕಾಶವ್ವನ ಒಂದೇ ಒಂದು ಫೋಟೋ, ಚೌಕಡಿ ಸೀರೆಯಲ್ಲಿ ನಿಂತದ್ದು. ಕಾಶವ್ವನನ್ನು ಕಂಡವರಲ್ಲಿ ಉಳಿದವಳು ಇವಳೊಬ್ಬಳೇ.

"ಆಕಿ ಸೀರಿ ಬಣ್ಣ ಮರತ ಹೋಗೇತೋ. ನಾಳೆ ನಾನೂ ಹೋದ್ರ ಯಾರನ್ನ ಕೇಳ್ತಿ?" ಎಂದು ಒದ್ದಾಡಿ, ಕೊನೆಗೆ ಕೆಂಪಿರಬಹುದು ಎಂದಳು. ಕೆಂಪು ತುಂಬಿದೆ. ರೆಪ್ಪೆ ಬಡಿಯದೆ ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯತ್ತ ತಿರುಗಿ ಸೆಟೆದು ಕುಳಿತಳು.

"ಹಸರ! ಹಸರ ಉಟ್ಟಾಳ ನೋಡಲೇ."

ಕೆಂಪನ್ನು ದಿಟ್ಟಿಸಿ ದಣಿದ ಕಣ್ಣಿಗೆ ಖಾಲಿ ಗೋಡೆಯ ಮೇಲೆ ಹಸಿರು ತೋರುತ್ತದೆ, ಅಷ್ಟೇ ಎಂದು ವಿವರಿಸಿದೆ.

"ಸೆರಗ ಸರಿ ಮಾಡಿಕೊಂಡ್ಲಲ್ಲೋ. ಅದೂ ಕಣ್ಣ ದಣದದ್ದಕ್ಕನ?"

ನಾನೂ ಗೋಡೆ ನೋಡಿದೆ. ಅಲ್ಲೊಂದು ತೆಳು ಹಸಿರು ನಿಂತಿತ್ತು. ಬೇಗನೆ ಕಣ್ಣು ಮುಚ್ಚಿದೆ. ವಾದ ಬಿಟ್ಟು ಸೀರೆಗೆ ಹಸಿರು ತುಂಬಿ ಪ್ರಿಂಟ್ ತೆಗೆದೆ.

ತಿಂಗಳ ಮೇಲೆ ಬಬಲೇಶ್ವರದಿಂದ ಕಾಶವ್ವನ ಮಗಳು ಫೋಟೋ ಒಯ್ಯಲು ಬಂದಳು. ಹೆತ್ತವ್ವನ ಸೀರೆಗಳನ್ನು ಸೇರಿಸಿ ಯಾರೋ ಹೊಲಿದಿದ್ದ ಕೌದಿಯನ್ನೂ ತಂದಿದ್ದಳು. ಮೇಲಿನ ಅರಿವೆ ಹರಿದು ಒಳಗಿನ ಪದರು ಕಾಣುತ್ತಿತ್ತು. ಅದೇ ಚೌಕಡಿ. ಬಿಸಿಲು ಕಾಣದ ಹಸಿರು.

ದೊಡ್ಡವ್ವ ಕೌದಿಯನ್ನು ಅವುಚಿಕೊಂಡು ಆ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮ ಚಹಾ ಆರುವ ತನಕ ಅವಳ ಮಾತು ಕೇಳಿಸುತ್ತಿತ್ತು. ನಡುನಡುವೆ, ಉತ್ತರಕ್ಕೆ ಕಾಯುವವಳಂತೆ, ಸುಮ್ಮನಾಗುತ್ತಿದ್ದಳು.