ಅಟ್ಟದಲ್ಲಿ ಉಳಿದ ಮುಡಿ

ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದ ಅಕ್ಕಿ ಮುಡಿಯನ್ನು ಕಂಡ ಕೂಡಲೇ ನೋಣಯ್ಯನವರಿಗೆ ಗೊತ್ತಾಯಿತು, ಅದು ತಾವೇ ಕಟ್ಟಿದ್ದು. ಸ್ವಂತ ಕೈಕೆಲಸ ಗುರುತಿಸಲು ಯಾರಿಗೂ ಕನ್ನಡಕ ಬೇಡ. ಆದರೆ ಕೆಳಗೆ ಅಂಟಿಸಿದ ಚೀಟಿ ಬೇರೆಯೇ ಹೇಳುತ್ತಿತ್ತು. ಮೂರನೇ ಕ್ಲಾಸಿಗೆ ನಿಂತ ಓದಿನಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಅವರು ಓದಿದರು: "ನೂರು ವರ್ಷ ಹಿಂದಿನ ಅಕ್ಕಿ ಮುಡಿ. ಕೊಡುಗೆ: ಶ್ರೀ ನಿತ್ಯಾನಂದ, ನೆಲ್ಲಿಮಾರುಗುತ್ತು."

ನೂರು ವರ್ಷ! ನೋಣಯ್ಯನವರಿಗೇ ಈಗ ಎಪ್ಪತ್ತೆರಡು.

ಮುಡಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾದ ಕಾಲ ಬಂದಿದೆ, ಹೇಳೋಣ. ಬೈಹುಲ್ಲನ್ನು ಸುತ್ತ ಹರಡಿ, ನಡುವೆ ನಲವತ್ತೆರಡು ಸೇರು ಕುಚ್ಚಲಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಮಡಚಿ, ಮರದ ಕೊಡತಿಯಲ್ಲಿ ಬಡಿದು ಬಡಿದು ಗುಂಡಗೆ ಮಾಡಿ, ಹುಲ್ಲಿನದೇ ಹಗ್ಗದಲ್ಲಿ ಬಿಗಿದು ಕಟ್ಟಿದ ಉಂಡೆ ಅದು. ಅಟ್ಟದಿಂದ ಕೆಳಗೆ ಉರುಳಿಸಿದರೂ ಒಂದು ಕಾಳು ಹೊರಗೆ ಬರಬಾರದು. ಬಂದರೆ ಕಟ್ಟಿದವನ ಮರ್ಯಾದೆ ಹೋಯಿತು. ನೋಣಯ್ಯನವರ ಮರ್ಯಾದೆ ಒಮ್ಮೆಯೂ ಹೋದದ್ದಿಲ್ಲ. ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಆಗಿ ಒಂದೂವರೆ ಎಕರೆ ಸ್ವಂತ ಹೆಸರಿಗೆ ಬಂದ ಮೇಲೂ, ಹಳೆಯ ಧನಿಗಳಾದ ಗುತ್ತಿನ ಮನೆಯವರು ಮುಡಿ ಕಟ್ಟಲು ಹೇಳಿ ಕಳುಹಿಸುತ್ತಿದ್ದದ್ದು ಬೆಟ್ಟದ ಮೇಲಿನ ಈ ನೋಣಯ್ಯನಿಗೇ.

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬದಿಯಲ್ಲಿ, ಎಂದೋ ಮುಚ್ಚಿಹೋದ ಅಕ್ಕಿ ಮಿಲ್ಲಿನ ಕಟ್ಟಡದಲ್ಲಿ ಫಲ್ಗುಣಿ ಚರಿತ್ರೆ ಬಳಗದವರು ಈ ಮ್ಯೂಸಿಯಂ ಮಾಡಿದ್ದರು. ಒಳ್ಳೆಯ ಕೆಲಸವೇ, ಅಲ್ಲವೆನ್ನುವುದಿಲ್ಲ. ಪಾಣೆಮಂಗಳೂರಿನ ಮನೆಮನೆಗೆ ಹೋಗಿ ಹಳೆಯ ಫೋಟೋಗಳ ನಕಲು ತೆಗೆದರು. ಮಿಜಾರಿನ ಕಾಲೇಜು ಮಕ್ಕಳನ್ನು ಕರೆಸಿ ಅಜ್ಜ ಅಜ್ಜಿಯರ ಮಾತು ರೆಕಾರ್ಡ್ ಮಾಡಿಸಿದರು. ತಿಂಗಳಿಗೊಂದು ಭಾನುವಾರ ಊರವರನ್ನೆಲ್ಲ ಸೇರಿಸಿ ಕಮ್ಮಟ ನಡೆಸಿದರು. ನೇಗಿಲು, ನೊಗ, ಬುಟ್ಟಿ, ಚಾಪೆ, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಲೆ ಎಲ್ಲವೂ ಗೋಡೆಯುದ್ದಕ್ಕೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೆಳಗೂ ಕೊಟ್ಟವರ ಹೆಸರು. ಮಾಡಿದವರ ಹೆಸರು? ಹುಡುಕಿದರೂ ಸಿಗದು. ನೇಗಿಲು ತನ್ನಷ್ಟಕ್ಕೆ ಮರದಲ್ಲಿ ಕಾಯಾಗಿ ಬಿಟ್ಟಿತ್ತೇ? ಮುರಿದದ್ದೆಂದು ಅಟ್ಟಕ್ಕೆ ಎಸೆದವರು ದಾನಿಗಳು. ಕೈಯ ಚರ್ಮ ಸುಲಿದುಕೊಂಡು ಕೆತ್ತಿದವನು ಯಾರೂ ಅಲ್ಲ!

ಉದ್ಘಾಟನೆಗೆ ಇನ್ನು ಎರಡು ವಾರವಿತ್ತು. ಅಂದು ಎಲ್ಲರ ಎದುರು ಮುಡಿ ಕಟ್ಟಿ ತೋರಿಸಲು ಜನ ಬೇಕಿತ್ತು. ಮೂರು ತಾಲೂಕು ಹುಡುಕಿ ಬಳಗದ ಕಾರ್ಯದರ್ಶಿ ಶಶಿಪ್ರಭಾ ಹಿಡಿದು ತಂದದ್ದು ನೋಣಯ್ಯನವರನ್ನು. ಶಶಿಪ್ರಭಾ ಬಂಟ್ವಾಳದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ನಿತ್ಯಾನಂದರ ಅಕ್ಕ. ಹುಲ್ಲು ಎಷ್ಟು ಬೇಕು, ಎಲ್ಲಿ ಕೂರುವುದು ಎಂದು ನೋಡಿಹೋಗಲು ನೋಣಯ್ಯನವರು ಹೆಂಡತಿ ಸೇಸಮ್ಮನ ಜೊತೆ ಅಂದು ಬಂದಿದ್ದರು.

"ಟೀಚರೇ, ಇದು ನಾನು ಕಟ್ಟಿದ ಮುಡಿ."

ಶಶಿಪ್ರಭಾ ನಕ್ಕರು. "ಅದು ನಮ್ಮ ಅಜ್ಜನ ಕಾಲದ್ದು ನೋಣಯ್ಯಣ್ಣ. ನಮ್ಮ ಮನೆಯ ಅಟ್ಟದಲ್ಲೇ ಸಿಕ್ಕಿದ್ದು."

"ಅಟ್ಟಕ್ಕೆ ಹೊತ್ತುಹಾಕಿದವನೂ ನಾನೇ."

ಬಳಗದ ಅಧ್ಯಕ್ಷ ನಿತ್ಯಾನಂದರು ಅಲ್ಲೇ ಇದ್ದರು. ಮುಂಬೈಯಲ್ಲಿ ಎರಡು ಹೋಟೆಲು ನಡೆಸಿ, ಈಗ ಊರಿಗೆ ಮರಳಿ ಗುತ್ತಿನ ಯಜಮಾನಿಕೆ ನೋಡಿಕೊಳ್ಳುವವರು. "ಎಂತ ನೋಣಯ್ಯ, ಮುಡಿಗೆ ಮೂಗು ಬಾಯಿ ಉಂಟಾ ಗುರುತು ಹಿಡಿಯಲಿಕ್ಕೆ? ಎಲ್ಲ ಮುಡಿಯೂ ಒಂದೇ ಅಲ್ವಾ ಮಾರಾಯ!"

"ಹಗ್ಗ ನೋಡಿ ಧನಿಗಳೇ. ಲೋಕದವರೆಲ್ಲ ಬಲಕ್ಕೆ ಸುತ್ತಿದರೆ ಇದು ಎಡಕ್ಕೆ ಸುತ್ತಿದೆ. ಹುಲ್ಲಿನ ಹುರಿಯೂ ತಿರುಗಾಮುರುಗ. ನಾನು ಎಡಚ. ಈ ಸೀಮೆಯಲ್ಲಿ ಎಡಗೈಯಲ್ಲಿ ಮುಡಿ ಕಟ್ಟಿದವನು ಇನ್ನೊಬ್ಬ ಇದ್ದರೆ ಕರೆಸಿ."

ನೋಣಯ್ಯನವರು ಮುಂದುವರಿಸಿದರು. "ನಿಮ್ಮ ಮದುವೆಯಾದ ವರ್ಷ ಧನಿಗಳೇ. ನೇಮೋತ್ಸವಕ್ಕೆ ದೈವಸ್ಥಾನಕ್ಕೆ ಮೂರು ಮುಡಿ ಕೊಡಲಿಕ್ಕಿತ್ತು. ನಾನು ಕಟ್ಟಿದೆ. ದೊಡ್ಡ ಧನಿಗಳು, ನಿಮ್ಮ ಅಪ್ಪ, ಬಂದು ನೋಡಿದರು. ಎಡಗೈಯವನು ಕಟ್ಟಿದ್ದು ದೈವಕ್ಕೆ ಆಗ್ಲಿಕ್ಕಿಲ್ಲ, ಅಟ್ಟಕ್ಕೆ ಹಾಕು ಅಂದರು. ಬೇರೆಯವರನ್ನು ಕರೆಸಿ ಕಟ್ಟಿಸಿದರು. ಎರಡನ್ನು ಬಿಚ್ಚಿ ಮನೆಯಲ್ಲಿ ಉಂಡಿರಬೇಕು. ಇದೊಂದು ಉಳಿದದ್ದು."

ಏಣಿಯ ಮೇಲೆ ನಿಂತು ಬಲ್ಬು ಹಾಕುತ್ತಿದ್ದ ಅಬ್ದುಲ್ ರವೂಫ್‌ಗೆ ನಗು ತಡೆಯಲಾಗಲಿಲ್ಲ. ಪಾಣೆಮಂಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅವರು ಬಳಗದ ಹಳೆಯ ಸದಸ್ಯ. "ಹಾಗಾದರೆ ನಿತ್ಯಾನಂದಣ್ಣ, ನಿಮ್ಮ ಮದುವೆಯೂ ಮ್ಯೂಸಿಯಮ್ಮಿನಲ್ಲಿ ಇಡುವಷ್ಟು ಹಳತಾಯಿತಲ್ಲ!"

ನಿತ್ಯಾನಂದರ ಮುಖ ಕೆಂಪಾಯಿತು. "ತಮಾಷೆ ಸಾಕು ರವೂಫ್. ಕರೆಯೋಲೆ ಪ್ರಿಂಟ್ ಆಗಿ ಬಂದಿದೆ. 'ನೂರು ವರ್ಷದ ಮುಡಿ ನೋಡಬನ್ನಿ' ಅಂತಲೇ ಹಾಕಿದ್ದೇವೆ. ಉದ್ಘಾಟನೆ ಒಂದು ಮುಗಿಯಲಿ ನೋಣಯ್ಯ, ಆಮೇಲೆ ನೋಡುವ."

ಆಮೇಲೆ ನೋಡುವ! ಈ ಮೂರು ತಾಲೂಕುಗಳಲ್ಲಿ ಆ ಮಾತಿಗೆ 'ಇಲ್ಲ' ಎಂದೇ ಅರ್ಥ. ಬಾಯಿಬಿಟ್ಟು ಇಲ್ಲ ಅನ್ನುವುದಕ್ಕೆ ಧೈರ್ಯ ಬೇಕು, ಅಷ್ಟೆ. ಒಕ್ಕಲಿನವರಿಗೆ ತಲೆಮಾರುಗಳಿಂದ ಕೊಟ್ಟ ಉತ್ತರ ಇದು.

"ಆಮೇಲೆ ಅಂದರೆ ಯಾವಾಗ ಧನಿಗಳೇ? ನನಗೆ ನೂರು ತುಂಬಲಿಕ್ಕೆ ಇನ್ನೂ ಇಪ್ಪತ್ತೆಂಟು ವರ್ಷ ಉಂಟು," ಅಂದರು ನೋಣಯ್ಯ. "ನನ್ನ ಹೆಸರು ಬರೆಯುವುದಿಲ್ಲ ಅಂತಾದರೆ ನಾನು ಕಟ್ಟುವುದಿಲ್ಲ. ನಮಸ್ಕಾರ."

ಶಶಿಪ್ರಭಾ ಏನೋ ಹೇಳಲು ಬಾಯಿ ತೆರೆದರು, ತಮ್ಮನ ಮುಖ ನೋಡಿ ಮುಚ್ಚಿದರು. ಚರಿತ್ರೆ ಓದಿದವರು ಬಾಯಿ ಮುಚ್ಚುವ ಗಳಿಗೆ ಇಂಥದ್ದೇ.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವವರೆಗೆ ಸೇಸಮ್ಮ ಸುಮ್ಮನಿದ್ದರು. ಎರಡನೇ ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಶುರುಮಾಡಿದರು.

"ನಿಮಗೆಂತ ಮರ್ಲಾ? ಹೆಸರು ಹಾಕಿದರೆ ಗಂಜಿಗೆ ಉಪ್ಪು ಆಗ್ತದಾ?"

"ನಿನಗೆ ಗೊತ್ತಾಗುದಿಲ್ಲ ಬಿಡು."

ಗೊತ್ತಾಗದೆ ಇರಲಿಲ್ಲ. ಒಂದನೇ ಕ್ಲಾಸಿನಲ್ಲಿ ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಮಾಷ್ಟ್ರು ಬೆರಳಿನ ಗೆಣ್ಣಿಗೆ ಬಾರಿಸಿದ್ದು ಇಡೀ ಊರಿಗೆ ಗೊತ್ತು. ಉಣ್ಣುವುದನ್ನು ಬಲಗೈಗೆ ಕಲಿಸಿದರು, ಬರೆಯುವುದನ್ನು ಕಲಿಸಿದರು, ಕೈ ಮುಗಿಯುವಾಗ ಯಾವ ಕೈ ಮುಂದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಅದು ಬಚಾವು. ಹುಲ್ಲು ಮುಟ್ಟಿದ ಕೂಡಲೇ ಮಾತ್ರ ಎಡಗೈ ಯಾರ ಮಾತೂ ಕೇಳುತ್ತಿರಲಿಲ್ಲ. ಬಲಗೈಯವರು ದಿನಕ್ಕೆ ಐದು ಕಟ್ಟಿದರೆ ನೋಣಯ್ಯ ಎಂಟು ಕಟ್ಟುತ್ತಿದ್ದರು. ಆದರೂ ಅಂದು ಗುತ್ತಿನ ಅಂಗಳದಲ್ಲಿ ನಲವತ್ತು ಜನರೆದುರು ಆ ಮೂರು ಮುಡಿಗಳನ್ನು ಒಂದೊಂದಾಗಿ ಹೊತ್ತು ಅಟ್ಟ ಹತ್ತಿದವರು, ಮನೆಗೆ ಬಂದು ಉಣ್ಣದೆ ಮಲಗಿದ್ದರು. ಸೇಸಮ್ಮ ಅದನ್ನು ಮರೆತಿರಲಿಲ್ಲ.

"ನನಗೆ ಗೊತ್ತಾಗುದಿಲ್ಲ, ಸರಿ," ಅಂದರು ಸೇಸಮ್ಮ. "ಒಂದು ಮಾತು ಕೇಳಿ. ನೀವು ಕಟ್ಟುದಿಲ್ಲ ಅಂತ ಮನೆಯಲ್ಲಿ ಕೂತರೆ ಅವರಿಗೇ ಸುಲಭ. ಬೇರೆ ಯಾರನ್ನಾದರೂ ಕರೆಸ್ತಾರೆ, ಅವನು ಬಲಕ್ಕೆ ಸುತ್ತಿ ಹೋಗ್ತಾನೆ. ನಿಮ್ಮ ಹಗ್ಗ ಎಡಕ್ಕೆ ಸುತ್ತುದು ಅಂತ ಯಾರು ನೋಡಬೇಕು? ನಾನಾ? ನಾನು ನಲವತ್ತೆಂಟು ವರ್ಷದಿಂದ ನೋಡಿ ಸಾಕಾಗಿದೆ."

ಇಳಿಯುವ ಸ್ಟಾಪ್ ಬಂದಾಗ ನೋಣಯ್ಯನವರು ಕೇಳಿದರು, "ಆಚೆಮನೆಯವರ ಗದ್ದೆಯ ಹುಲ್ಲು ಉದ್ದ ಉಂಟಾ ಈ ಸಲ?"

ಉದ್ಘಾಟನೆಯ ದಿನ ಮಿಲ್ಲಿನ ಅಂಗಳದಲ್ಲಿ ಮುನ್ನೂರು ಜನ. ಬೆಳ್ತಂಗಡಿಯಿಂದ, ಬಂಟ್ವಾಳದಿಂದ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬಂದಿಳಿದಿದ್ದರು. ಭಾಷಣಗಳು ಆದವು. ಪರಂಪರೆ ಎಂಬ ಶಬ್ದ ಎಷ್ಟು ಸಲ ಬಂತೋ! ಭಾಷಣ ಮಾಡಿದವರಲ್ಲಿ ಒಬ್ಬರಿಗಾದರೂ ಒಂದು ಮಾರು ಹಗ್ಗ ಹೊಸೆಯಲು ಬರುತ್ತಿದ್ದರೆ ಆ ಶಬ್ದಕ್ಕೂ ಸ್ವಲ್ಪ ತೂಕ ಬರುತ್ತಿತ್ತು.

ಅಷ್ಟರಲ್ಲಿ ಬಗಲಲ್ಲಿ ಹುಲ್ಲಿನ ಕಟ್ಟು ಹಿಡಿದು ನೋಣಯ್ಯನವರು ಬಂದರು. ನಿತ್ಯಾನಂದರಿಗೆ ಆಶ್ಚರ್ಯ. "ಕಟ್ಟುದಿಲ್ಲ ಅಂದಿದ್ದಿಯಲ್ಲ?"

"ಕಟ್ಟಿ ತೋರಿಸ್ತೇನೆ ಧನಿಗಳೇ. ಜನ ನೋಡಲಿ."

ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಮೊದಲು ಹಗ್ಗ. ಅಂಗೈಗಳ ನಡುವೆ ಹುಲ್ಲು ಹೊರಳಿದಂತೆ, ಎಡ ಅಂಗೈ ಮುಂದೆ ಮುಂದೆ ಓಡಿ, ಬೆರಳಿನ ಸಂದಿಯಿಂದ ಹಗ್ಗ ಹಾವಿನಂತೆ ಇಳಿಯತೊಡಗಿತು. ಹಿಂದೆ ಗದ್ದಲ ಮಾಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು ಕೂತರು. ಅಕ್ಕಿ ಸುರಿದದ್ದಾಯಿತು. ಹುಲ್ಲು ಮಡಚಿ, ಕಾಲಿನಲ್ಲಿ ಒತ್ತಿ, ಕೊಡತಿ ಎತ್ತಿ ಬಡಿದರು. ದಪ್, ದಪ್, ದಪ್. ಎಪ್ಪತ್ತೆರಡರ ತೋಳಿನಲ್ಲಿ ಅಷ್ಟು ಬಲ ಎಲ್ಲಿ ಅಡಗಿತ್ತೋ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಕೈ ನಿಲ್ಲಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಚಿನ್ನದ ಬಣ್ಣದ ಗುಂಡು ಮುಡಿ ಕುಳಿತಿತ್ತು. ನೋಣಯ್ಯನವರು ಎದ್ದು, ಯಾರನ್ನೂ ಕೇಳದೆ, ಅದನ್ನು ಕಾಲಿನಿಂದ ನೂಕಿದರು. ವೇದಿಕೆಯ ಅಂಚಿನಿಂದ ನೆಲಕ್ಕೆ ಧಡಕ್ಕನೆ ಬಿದ್ದು ಉರುಳಿತು. ಮಕ್ಕಳು ಓಡಿ ಹೋಗಿ ನೆಲ ತಡಕಿದರು. ಒಂದು ಕಾಳಿಲ್ಲ. ಆಗ ಬಿದ್ದ ಚಪ್ಪಾಳೆ ಯಾವ ಭಾಷಣಕ್ಕೂ ಬಿದ್ದಿರಲಿಲ್ಲ.

ಆ ಚಪ್ಪಾಳೆ ಮುಗಿಯುವ ಮೊದಲೇ ಶಶಿಪ್ರಭಾ ಎದ್ದು ಒಳಗೆ ಹೋದರು. ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ರವೂಫ್‌ರ ಕೈಯಲ್ಲಿ ಹಳೆಯ ಮುಡಿಯನ್ನು ಹೊರಿಸಿಕೊಂಡು ಬಂದು ಹೊಸದರ ಪಕ್ಕದಲ್ಲಿ ಇಡಿಸಿದರು. ಮೈಕು ಹಿಡಿದರು.

"ಮಕ್ಕಳೇ, ಎರಡರ ಹಗ್ಗವೂ ಯಾವ ಕಡೆಗೆ ಸುತ್ತಿದೆ, ನೋಡಿ ಹೇಳಿ."

"ಎಡಕ್ಕೆ!" ಎಂದು ಮಕ್ಕಳು ಕೂಗಿದರು.

"ಇದು ನೂರು ವರ್ಷದ್ದು ಅಂತ ಬರೆದವಳು ನಾನು. ಮೂವತ್ತು ವರ್ಷ ಮಕ್ಕಳಿಗೆ 'ಆಧಾರ ಎಲ್ಲಿ, ಆಧಾರ ಎಲ್ಲಿ' ಅಂತ ಕೇಳಿದವಳು, ನಮ್ಮ ಮನೆಯ ಅಟ್ಟದ ವಿಷಯ ಬಂದಾಗ ಕೇಳಲಿಲ್ಲ. ಎರಡು ವಾರದ ಹಿಂದೆ ಇವರು ಬಾಯಿಬಿಟ್ಟು ಹೇಳಿದರು, ಆಗಲೂ ಸುಮ್ಮನಿದ್ದೆ. ತಪ್ಪು ನನ್ನದು." ಅಲ್ಲೇ ಮೇಜಿನ ಮೇಲೆ, ತಮ್ಮನ ಮದುವೆಯ ವರ್ಷ ಹಾಕಿ, ಹೊಸ ಚೀಟಿ ಬರೆದು ಗಟ್ಟಿಯಾಗಿ ಓದಿದರು: "ಅಕ್ಕಿ ಮುಡಿ, 1991. ಕಟ್ಟಿದವರು ನೋಣಯ್ಯ. ಎಡಗೈಯವರು ಕಟ್ಟಿದ್ದೆಂದು ದೈವಸ್ಥಾನಕ್ಕೆ ಕಳುಹಿಸದೆ ಅಟ್ಟದಲ್ಲಿ ಇಟ್ಟದ್ದು."

ನಿತ್ಯಾನಂದರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಅಕ್ಕ, ಅಪ್ಪ ಬೇಡ ಅಂದದ್ದೂ ಬರೀಬೇಕಾ?"

"ಬರೀಬೇಕು. ಅದಿಲ್ಲದಿದ್ದರೆ ಇದೊಂದೇ ಯಾಕೆ ಉಳಿಯಿತು ಅಂತ ಹೇಗೆ ಗೊತ್ತಾಗುದು?"

"ಕೊಡುಗೆ ಅಂತ ನನ್ನ ಹೆಸರು?"

"ಉಂಟು, ಕೊನೆಯಲ್ಲಿ. ಸಣ್ಣ ಅಕ್ಷರದಲ್ಲಿ."

ನಿತ್ಯಾನಂದರು ಎರಡು ಮುಡಿಗಳನ್ನೂ ನೋಡಿದರು. ಆಮೇಲೆ ತಾವೇ ಹಳೆಯ ಮುಡಿಯ ಒಂದು ಬದಿ ಹಿಡಿದರು. "ಇನ್ನೊಂದು ಬದಿ ಹಿಡಿ ರವೂಫ್. ಒಳಗೆ ಇಡುವ."

ಜನ ಚೀಟಿಯ ಮುಂದೆ ಸಾಲು ನಿಂತರು. ಎಡಗೈ ರೂಢಿಯ ಪುಟ್ಟ ಹುಡುಗಿಯೊಬ್ಬಳು ನೋಣಯ್ಯನವರ ಬಳಿ ಬಂದು ತನ್ನ ಎಡಗೈಯನ್ನು ಮುಂದೆ ಚಾಚಿದಳು. ಅವರು ಅದಕ್ಕೆ ತಮ್ಮ ಎಡಗೈ ಕೊಟ್ಟು ಕುಲುಕಿದರು. ಬೆನ್ನು ನೆಟ್ಟಗಾಗಿತ್ತು, ಎದೆ ತುಂಬಿತ್ತು. ಈ ಖುಷಿಯನ್ನು ಹೆಂಡತಿಗೆ ತೋರಿಸೋಣವೆಂದು ಹುಡುಕಿದರೆ ಸೇಸಮ್ಮ ಹತ್ತಿರದಲ್ಲಿಲ್ಲ. ಒಳಗಿನ ಮೂಲೆಯಲ್ಲಿ, ಗೋಡೆಗೆ ನೇತುಹಾಕಿದ ಮುಂಡೇವಿನ ಮುಳ್ಳೋಲೆಯ ಒಂದು ಚಾಪೆಯ ಎದುರು ನಿಂತಿದ್ದರು.

"ಎಂತ ಮಾಡ್ತಿ ಇಲ್ಲಿ?"

"ಇದು ನನ್ನ ಅಮ್ಮ ನೇಯ್ದದ್ದು. ಅಂಚಿನಲ್ಲಿ ಹೀಗೆ ಎರಡೆರಡು ಮಡಿಕೆ ಹಾಕುದು ಅವಳೊಬ್ಬಳೇ. ಮೊದಲ ದಿನ ಬಂದಾಗಲೇ ನೋಡಿದ್ದೆ."

ಎರಡು ವಾರ ಒಂದು ಹೆಸರಿಗಾಗಿ ಕುದಿದವರು ನೋಣಯ್ಯನವರು. ಪಕ್ಕದಲ್ಲೇ ನಡೆಯುತ್ತಿದ್ದವಳು ಇನ್ನೊಂದು ಹೆಸರನ್ನು ನುಂಗಿಕೊಂಡು ಬಸ್ಸಿನಲ್ಲಿ ಬಂದು ಹೋಗಿದ್ದಳು.

"ಅಂದೇ ಯಾಕೆ ಹೇಳಲಿಲ್ಲ ನೀನು?"

"ನಿಮ್ಮದು ಮುಗಿಯಲಿ ಅಂತ ಕಾದೆ. ಎರಡೂ ಒಟ್ಟಿಗೆ ಹೇಳಿದರೆ ಯಾವುದನ್ನೂ ಕೇಳುದಿಲ್ಲ ಇವರು."

ನೋಣಯ್ಯನವರು ಅಂಗಳಕ್ಕೆ ಹೋಗಿ, ಜನರ ನಡುವಿನಿಂದ ಶಶಿಪ್ರಭಾ ಅವರನ್ನು ಕರೆದುಕೊಂಡು ಬಂದರು. ಅವರು ಚಾಪೆಯ ಅಂಚು ಮುಟ್ಟಿ ನೋಡಿ, ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಪೆನ್ನು ತೆಗೆದರು.

"ಅಮ್ಮಣ್ಣಿ ಅಂತ ಬರೆದರೆ ಸಾಕಲ್ವಾ ಸೇಸಮ್ಮ?"

"ಸಾಕಾಗುದಿಲ್ಲ ಟೀಚರೇ," ಅಂದರು ಸೇಸಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. "ಆರು ಮಕ್ಕಳನ್ನು ಹೆತ್ತು, ಹಗಲಿಡೀ ಗದ್ದೆಯಲ್ಲಿ ದುಡಿದು, ಮುಳ್ಳು ಚುಚ್ಚಿದ ಕೈಯಲ್ಲಿ ನೇಯ್ದದ್ದು ಅಂತಲೂ ಬರೀರಿ. ಜಾಗ ಸಾಲದಿದ್ದರೆ ಚೀಟಿ ದೊಡ್ಡದು ಮಾಡಿ."

ಶಶಿಪ್ರಭಾ ಕೈಯಲ್ಲಿದ್ದ ಚೀಟಿಯನ್ನು ಪಕ್ಕಕ್ಕಿಟ್ಟು, ಅದಕ್ಕಿಂತ ದೊಡ್ಡದೊಂದನ್ನು ಕತ್ತರಿಸತೊಡಗಿದರು.